ಬ್ಯಾಟರಿಗೆ ದುಡ್ಡಿಲ್ಲದ ವ್ಯಾನು

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಕೆಲವರು ಯಾವುದೋ ಟ್ರಸ್ಟಿನ ಸಭೆಯಲ್ಲಿ ಕೂತು ಅನುದಾನ ಯಾರಿಗೆ ಅಂತ ತೀರ್ಮಾನಿಸುವವರು. ಕೆಲವರು ವರ್ಷಕ್ಕೊಮ್ಮೆ ಒಂದು ಸೇವಾ ಸಂಸ್ಥೆಗೆ ಚೆಕ್ ಬರೆಯುವವರು. ನಿಮಗೆ ನಾನು ಹೇಳೋದು ಒಂದೇ ಮಾತು. ಸಂಸ್ಥೆಯನ್ನು ಚೆನ್ನಾಗಿ ನೋಡಿ ಆರಿಸಿ. ಆರಿಸಿದ ಮೇಲೆ ಹಣ ಎಲ್ಲಿ ಖರ್ಚಾಗಬೇಕು ಅನ್ನೋದನ್ನು ಅವರಿಗೇ ಬಿಡಿ. ಷರತ್ತಿಲ್ಲದ ಅನುದಾನ ಅಂದರೆ ಇಷ್ಟೇ.

ನಾನು ಬಹಳ ವರ್ಷಗಳಿಂದ ಸೇವಾ ಸಂಸ್ಥೆಗಳ ಲೆಕ್ಕಪತ್ರ ನೋಡುತ್ತಿದ್ದೇನೆ. ನಾನೇ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಅದೊಂದು ಸಂಚಾರಿ ಚಿಕಿತ್ಸೆಯ ಸಂಸ್ಥೆ. ಒಬ್ಬ ದಾನಿ ವ್ಯಾನು ಕೊಡಿಸಿದ್ದರು. ಇನ್ನೊಬ್ಬರು ಒಂದು ವರ್ಷದ ಔಷಧಿಗೆ ಹಣ ಕೊಟ್ಟಿದ್ದರು. ಎಲ್ಲಾ ಸರಿಯಾಗಿ ನಡೆಯುತ್ತಿತ್ತು. ಒಂದು ದಿನ ವ್ಯಾನಿನ ಬ್ಯಾಟರಿ ಕೈಕೊಟ್ಟಿತು.

ಬ್ಯಾಂಕಿನಲ್ಲಿ ಹಣ ಇತ್ತು. ಆದರೆ ಅಷ್ಟೂ ಔಷಧಿಯ ಹಣ. ವಾಹನ ರಿಪೇರಿ ಅನ್ನೋ ಕಾಲಂ ಯಾವ ಬಜೆಟ್ಟಿನಲ್ಲೂ ಇರಲಿಲ್ಲ. ದಾನಿಗೆ ಪತ್ರ ಬರೆದರು. 3 ಕಡೆಯಿಂದ ಕೊಟೇಶನ್ ತರಿಸಿ ಅಂತ ಉತ್ತರ ಬಂತು. ತರಿಸಿದರು. ಮುಂದಿನ ಸಭೆಯಲ್ಲಿ ಇಡುತ್ತೇವೆ ಅಂತ ಇನ್ನೊಂದು ಉತ್ತರ. ಹೀಗೆ 9 ವಾರ ಕಳೆಯಿತು, ಒಂದು ಬ್ಯಾಟರಿಗೆ!

ನಾನು ಹೋಗಿ ನೋಡಿದಾಗ ವ್ಯಾನಿನ ಚಕ್ರಗಳ ಸುತ್ತ ಹುಲ್ಲು ಬೆಳೆದಿತ್ತು. ಒಳಗೆ ಔಷಧಿಯ ಡಬ್ಬಗಳು. ಅವಧಿ ಮುಗಿಯುತ್ತಾ ಬಂದಿದ್ದವನ್ನು ಬೇರೆ ಇಟ್ಟು, ತಾರೀಖಿನ ಸುತ್ತ ನರ್ಸ್ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ಹೊರುವಷ್ಟನ್ನು ದಿನವೂ ಹೆಗಲ ಚೀಲದಲ್ಲಿ ಹಾಕಿಕೊಂಡು ನಡೆದೇ ಹೋಗುತ್ತಿದ್ದರು. ಕೊನೆಗೆ ಒಪ್ಪಿಗೆ ಬಂತು. ಅಷ್ಟರಲ್ಲಿ ಅನುದಾನದ ವರ್ಷವೇ ಮುಗಿದಿತ್ತು. ಉಳಿದ ಹಣ ವಾಪಸ್ ಮಾಡಬೇಕು ಅನ್ನೋದು ಷರತ್ತು. ಆ ವೋಚರ್ ಬರೆದವನು ನಾನೇ. ಇವತ್ತಿಗೂ ನನಗೆ ಅದು ಮರೆತಿಲ್ಲ.

ಆ ದಾನಿ ಕೆಟ್ಟವರಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಕೊಟ್ಟ ಪ್ರತಿ ಪೈಸೆಯೂ ರೋಗಿಗೇ ಸೇರಲಿ ಅನ್ನೋದು ಅವರ ಆಸೆ. ಆದರೆ ಔಷಧಿ ರೋಗಿಯ ಹತ್ತಿರ ತಾನಾಗೇ ನಡೆದು ಹೋಗುತ್ತದೆಯೇ? ವ್ಯಾನು ಬೇಕು, ಬ್ಯಾಟರಿ ಬೇಕು, ಲೆಕ್ಕ ಬರೆಯುವವರು ಬೇಕು. ಇದನ್ನೆಲ್ಲ ಓವರ್‌ಹೆಡ್ ಅಂತ ಕರೆದು ಮೂಗು ಮುರಿಯುತ್ತೇವೆ. ದಾನಿಗೆ ಬೇಜಾರಾಗಬಾರದು ಅಂತ ಸಂಸ್ಥೆಗಳೂ ಈ ಖರ್ಚನ್ನು ಕಡಿಮೆ ತೋರಿಸುತ್ತವೆ. ಮುಂದಿನ ವರ್ಷ ದಾನಿ ಅಷ್ಟೇ ಸಾಕು ಅಂದುಕೊಳ್ಳುತ್ತಾರೆ. ಸಂಸ್ಥೆ ಇನ್ನಷ್ಟು ಸೊರಗುತ್ತದೆ. 2009ರಲ್ಲೇ ಅಮೆರಿಕದ ಇಬ್ಬರು ತಜ್ಞರು ಇದನ್ನು ಹಸಿವಿನ ಚಕ್ರ ಅಂತ ಕರೆದರು. ನಾನಂತೂ ಅದನ್ನು ಪ್ರತಿ ಮಾರ್ಚ್‌ನಲ್ಲೂ ನೋಡುತ್ತೇನೆ.

ಹಾಗೆ ಬಿಟ್ಟರೆ ಹಣ ಪೋಲಾಗುವುದಿಲ್ಲವೇ ಅಂತ ಕೇಳುತ್ತೀರಿ. ಎಲ್ಲಾ ಸಭೆಯಲ್ಲೂ ಈ ಪ್ರಶ್ನೆ ಬರುತ್ತದೆ. ಅಮೆರಿಕದ ದೊಡ್ಡ ದಾನಿ ಮೆಕೆಂಜಿ ಸ್ಕಾಟ್ 2020ರಲ್ಲಿ 4 ತಿಂಗಳೊಳಗೆ 384 ಸಂಸ್ಥೆಗಳಿಗೆ 400 ಕೋಟಿ ಡಾಲರಿಗೂ ಜಾಸ್ತಿ ಕೊಟ್ಟರು. ಯಾವುದಕ್ಕೆ ಖರ್ಚು ಮಾಡಬೇಕು ಅಂತ ಒಂದು ಷರತ್ತೂ ಹಾಕಲಿಲ್ಲ. ಇಷ್ಟು ಹಣ ಒಟ್ಟಿಗೆ ಬಂದರೆ ಸಂಸ್ಥೆಗಳು ಎಡವುತ್ತವೆ ಅಂತ ಹೆದರಿದವರು ಬಹಳ ಜನ. ಸ್ಕಾಟ್ ಅವರಿಂದ ಹಣ ಪಡೆದವರನ್ನು, ದಾನದ ಬಗ್ಗೆ ಅಧ್ಯಯನ ಮಾಡುವ ಸೆಂಟರ್ ಫಾರ್ ಎಫೆಕ್ಟಿವ್ ಫಿಲಾಂತ್ರಪಿ ಅನ್ನೋ ಸಂಸ್ಥೆ 3 ವರ್ಷ ವಿಚಾರಿಸಿ ನೋಡಿತು. ಬಹುಪಾಲು ಸಂಸ್ಥೆಗಳು ಮೊದಲಿಗಿಂತ ಗಟ್ಟಿಯಾಗಿದ್ದವು. ಅಮೆರಿಕದ ದಾನ ಸಂಸ್ಥೆ ಫೋರ್ಡ್ ಫೌಂಡೇಶನ್ ಕೂಡ 2016ರಲ್ಲಿ ಬಿಲ್ಡ್ ಅನ್ನೋ ಕಾರ್ಯಕ್ರಮ ಶುರು ಮಾಡಿ, ಒಂದೊಂದು ಸಂಸ್ಥೆಗೆ ಹೆಚ್ಚು ಷರತ್ತಿಲ್ಲದ 5 ವರ್ಷಗಳ ಅನುದಾನ ಕೊಟ್ಟಿತು.

ಲೆಕ್ಕ ಕೇಳಬೇಡಿ ಅಂತ ನಾನು ಹೇಳುತ್ತಿಲ್ಲ, ಲೆಕ್ಕ ನನ್ನ ಕಸುಬು. ವರ್ಷದ ಕೊನೆಗೆ ಇಡೀ ಸಂಸ್ಥೆಯ ಲೆಕ್ಕ ತರಿಸಿ ಓದಿ. ಹೋಗಿ ನೋಡಿ, ಜನರನ್ನು ಮಾತಾಡಿಸಿ. ಇಷ್ಟವಾಗದಿದ್ದರೆ ಮುಂದಿನ ವರ್ಷ ಕೊಡಬೇಡಿ. ಆದರೆ ಕೊಟ್ಟ ಮೇಲೆ ಬಿಡಿ. ಎಲ್ಲವನ್ನೂ ಬಿಡಲು ಧೈರ್ಯ ಬರದಿದ್ದರೆ ಅರ್ಧ ಹಣದಿಂದಲಾದರೂ ಶುರು ಮಾಡಿ.

ಆ ವ್ಯಾನಿನ ವಿಷಯ ಪೂರ್ತಿ ಹೇಳಲಿಲ್ಲ ಅಲ್ವಾ? ಮುಂದಿನ ವರ್ಷ ಒಬ್ಬರು ಯಾವ ಷರತ್ತೂ ಇಲ್ಲದೆ ಹಣ ಕೊಟ್ಟರು. ಅದು ಬಂದ ದಿನವೇ ಡ್ರೈವರ್ ಹೋಗಿ ಬ್ಯಾಟರಿ ತಂದರು. ಮರುದಿನ ಬೆಳಿಗ್ಗೆ ನರ್ಸ್ ಚೀಲ ಇಳಿಸಿ ವ್ಯಾನ್ ಹತ್ತಿದರು. ನಮಸ್ಕಾರ.