ಲಾಗ್‌ಬುಕ್ ನೋಡಿ ಸೇರಿಸಿ
(ದಾವಣಗೆರೆಯ ಪದವಿಪೂರ್ವ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಸಭಾಂಗಣದ ಬಾಗಿಲಲ್ಲಿ ಜಗಳೂರು ಕಡೆಯ ರೈತರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಕೈಯಲ್ಲಿ ನಾಲ್ಕು ಮಡಿಕೆಯ ಕರಪತ್ರ. "ಸರ್, ಮಗಳು ಪೈಲಟ್ ಆಗುತ್ತೇನೆ ಎನ್ನುತ್ತಾಳೆ. ಇಲ್ಲಿ ಮೂರು ವರ್ಷ ಓದಿಸಿದರೆ ಆಗುತ್ತಾಳೆಯೇ?" ಎಂದು ಕೇಳಿದರು. ಕರಪತ್ರದ ತುಂಬ ವಿಮಾನದ ಚಿತ್ರ. ಕೆಳಗೆ ಕೋರ್ಸಿನ ಹೆಸರು ಬಿಬಿಎ ಏವಿಯೇಷನ್. ಅದು ವಿಮಾನ ನಿಲ್ದಾಣಗಳ, ವಿಮಾನಯಾನ ಸಂಸ್ಥೆಗಳ ಆಡಳಿತವನ್ನು ಕಲಿಸುವ ಪದವಿ. ಒಳ್ಳೆಯ ಓದೇ. ಆದರೆ ಅದನ್ನು ಓದಿ ಯಾರೂ ಪೈಲಟ್ ಆಗುವುದಿಲ್ಲ. ಏರೋನಾಟಿಕಲ್ ಎಂಜಿನಿಯರಿಂಗ್ ಓದಿದರೂ ವಿಮಾನ ಕಟ್ಟುವ ವಿದ್ಯೆ ಬರುತ್ತದೆ, ಹಾರಿಸುವ ಲೈಸೆನ್ಸ್ ಬರುವುದಿಲ್ಲ. ನಾನು ಬರೆದು ತಂದಿದ್ದ ಭಾಷಣವನ್ನು ಆಗಲೇ ಮಡಚಿಟ್ಟೆ. ಆ ತಂದೆಗೆ ಉತ್ತರ ಹೇಳುವುದೇ ಇವತ್ತಿನ ನನ್ನ ಕೆಲಸ.

ಪದವಿ ಕೊಡುವುದು ವಿಶ್ವವಿದ್ಯಾಲಯ, ಲೈಸೆನ್ಸ್ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಹದಿನೆಂಟು ವರ್ಷ ತುಂಬಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದವರಿಗೆ ದಾರಿ ನೇರ. ನ್ಯಾವಿಗೇಷನ್, ಹವಾಮಾನ, ವಾಯುಯಾನ ನಿಯಮಗಳು, ವಿಮಾನದ ತಾಂತ್ರಿಕ ವಿಷಯ ಇವುಗಳಲ್ಲಿ ಶೇಕಡ 70 ಅಂಕ ಪಡೆಯಬೇಕು. ಇದೆಲ್ಲ ಆದ ಮೇಲೂ 200 ಗಂಟೆಗಳ ಹಾರಾಟ ಬಾಕಿ ಇರುತ್ತದೆ. ಅದರಲ್ಲಿ 100 ಗಂಟೆ ವಿಮಾನದ ಪೂರ್ಣ ಹೊಣೆ ನಿಮ್ಮದೇ. 300 ನಾಟಿಕಲ್ ಮೈಲಿಯ ಒಂದು ದೂರಪ್ರಯಾಣವನ್ನೂ ಮಾಡಬೇಕು. ಇಲ್ಲಿಂದ ಬೆಂಗಳೂರಿಗೆ ಹೋಗಿ ಬರುವುದಕ್ಕಿಂತ ತುಸು ಹೆಚ್ಚು ದೂರ ಅದು.

ಕಾಲೇಜಿನ ಮೂಲಕ ಪೈಲಟ್ ಆಗುವುದೆಂದರೆ ಪದವಿ, ಲೈಸೆನ್ಸ್ ಎರಡನ್ನೂ ಜೊತೆಜೊತೆಗೆ ಮುಗಿಸುವುದು. ರಾಯಬರೇಲಿ ಬಳಿಯ ಫುರ್ಸತ್‌ಗಂಜ್‌ನಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯಲ್ಲಿ ಹಾರಾಟದ ಜೊತೆಗೇ ಬಿಎಸ್‌ಸಿ ಏವಿಯೇಷನ್ ಓದಬಹುದು. ಅಮೆರಿಕದಲ್ಲಿ ಪದವಿಯ ಬೆಲೆಯೇ ಬೇರೆ. ಅಲ್ಲಿ ಪ್ರಯಾಣಿಕರ ವಿಮಾನದ ಕಾಕ್‌ಪಿಟ್‌ಗೆ ಸಾಮಾನ್ಯವಾಗಿ 1,500 ಗಂಟೆಗಳ ಅನುಭವ ಬೇಕು; ಮಾನ್ಯತೆ ಪಡೆದ ಕಾಲೇಜಿನಲ್ಲಿ ನಾಲ್ಕು ವರ್ಷದ ವಾಯುಯಾನ ಪದವಿ ಮತ್ತು ಅದರ ಜೊತೆಗಿನ ಹಾರಾಟ ತರಬೇತಿ ಮುಗಿಸಿದವರಿಗೆ 1,000 ಸಾಕು. ನಮ್ಮಲ್ಲಿ ಪದವಿ ಇದ್ದರೂ ಇಲ್ಲದಿದ್ದರೂ ಲೈಸೆನ್ಸಿಗೆ ಅದೇ 200 ಗಂಟೆ. ಹಾಗೆಂದು ಪದವಿ ಬೇಡ ಎನ್ನುವವನು ನಾನಲ್ಲ. ಕಣ್ಣಿಗೋ ಕಿವಿಗೋ ತೊಂದರೆಯಾಗಿ ಹಾರಾಟ ನಿಂತರೆ ಕೈಯಲ್ಲಿ ಉಳಿಯುವುದು ಅದೊಂದೇ.

ಈಗ ನನ್ನದೇ ಕಥೆ. ಪೈಲಟ್ ತರಬೇತಿಯನ್ನು ಹದಿನೆಂಟು ತಿಂಗಳಲ್ಲಿ ಮುಗಿಸುತ್ತೇವೆ ಎಂದ ಸಂಸ್ಥೆಯಲ್ಲಿ ನಾನು ಮೂರು ವರ್ಷ ಕಳೆದೆ. ಹ್ಯಾಂಗರಿನಲ್ಲಿ ಐದು ವಿಮಾನಗಳಿದ್ದವು, ಹಾರುತ್ತಿದ್ದದ್ದು ಎರಡು. ಉಳಿದವು ಬಿಡಿಭಾಗಕ್ಕೆ ಕಾಯುತ್ತಿದ್ದವು, ನಾವು ಅವುಗಳಿಗೆ ಕಾಯುತ್ತಿದ್ದೆವು. ಹರಿಹರದ ಹತ್ತಿರ ಭದ್ರಾ ನಾಲೆಯ ನೀರು ಕುಡಿಯುತ್ತಿದ್ದ ಎರಡು ಎಕರೆ ಗದ್ದೆಯನ್ನು ಮಾರಿ ನಮ್ಮ ಅಪ್ಪ ಶುಲ್ಕ ಕಟ್ಟಿದ್ದರು. ಪ್ರತಿ ಭಾನುವಾರ ಫೋನಿನಲ್ಲಿ ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಈ ವಾರ ಎಷ್ಟು ಗಂಟೆ ಆಯಿತಪ್ಪಾ?" ಎಷ್ಟೋ ವಾರ ನನ್ನ ಬಳಿ ಉತ್ತರವಿರಲಿಲ್ಲ.

ಆದ್ದರಿಂದ ಪೋಷಕರಲ್ಲಿ ಕೈಮುಗಿದು ಕೇಳುತ್ತೇನೆ. ಸೇರಿಸುವ ಮೊದಲು ಏರ್‌ಫೀಲ್ಡಿಗೆ ಹೋಗಿ ಬೆಳಗಿನ ಆರು ಗಂಟೆಗೆ ನಿಂತು ನೋಡಿ. ಎಷ್ಟು ವಿಮಾನ ಮೇಲೇಳುತ್ತವೆ ಎಂದು ಎಣಿಸಿ. ಅಲ್ಲಿನ ಹುಡುಗರ ಲಾಗ್‌ಬುಕ್, ಅಂದರೆ ಹಾರಿದ ಗಂಟೆಗಳನ್ನು ಬರೆದಿಡುವ ಪುಸ್ತಕ ಕೇಳಿ, ಕಳೆದ ತಿಂಗಳು ಎಷ್ಟು ಗಂಟೆ ಸಿಕ್ಕಿತು ನೋಡಿ. ತಿಂಗಳಿಗೆ 20 ಗಂಟೆ ಸಿಕ್ಕರೆ ಹತ್ತು ತಿಂಗಳ ಹಾರಾಟ. ಆರೇ ಗಂಟೆಯಾದರೆ ಮೂರು ವರ್ಷದ ಹತ್ತಿರ. ಸಾಲದ ಬಡ್ಡಿ ಓಡುವುದು ಹಾರಿದ ಗಂಟೆಗಲ್ಲ, ಕಾದ ತಿಂಗಳಿಗೆ. ಒಟ್ಟು ಖರ್ಚು ನಲವತ್ತು ಲಕ್ಷ ದಾಟುವ ಓದು ಇದು. ಲೈಸೆನ್ಸ್ ಬಂದ ಮೇಲೆ ಏರ್‌ಬಸ್ಸೋ ಬೋಯಿಂಗೋ ಹಾರಿಸಲು ಟೈಪ್ ರೇಟಿಂಗ್ ಎಂಬ ಮತ್ತೊಂದು ತರಬೇತಿಯಿದೆ, ಅದರ ಹಣ ಬೇರೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಶಾಲೆಯಿದೆ. ಬೆಳಗಾವಿ, ಕಲಬುರಗಿ ನಿಲ್ದಾಣಗಳಲ್ಲಿಯೂ 2021ರಲ್ಲಿ ಹಾರಾಟ ಶಾಲೆಗಳಿಗೆ ಜಾಗ ಕೊಟ್ಟರು. ಹತ್ತಿರದವನ್ನು ಮೊದಲು ನೋಡಿ ಬನ್ನಿ.

ವಿದ್ಯಾರ್ಥಿಗಳೇ, ನಿಮ್ಮ ದಿನ ಆಕಾಶದಲ್ಲಿ ಶುರುವಾಗುವುದಿಲ್ಲ. ಸೆಸ್ನಾ 172 ವಿಮಾನದ ರೆಕ್ಕೆಯ ಕೆಳಗೆ ಬಗ್ಗಿ, ಪಾರದರ್ಶಕ ಲೋಟವೊಂದಕ್ಕೆ ಇಂಧನವನ್ನು ಸ್ವಲ್ಪ ಇಳಿಸಿಕೊಂಡು ಬೆಳಕಿಗೆ ಹಿಡಿಯಬೇಕು. ಅದು ತಿಳಿನೀಲಿ ಬಣ್ಣದ್ದು. ರಾತ್ರಿಯ ತೇವದಿಂದ ಟ್ಯಾಂಕಿನೊಳಗೆ ನೀರು ಸೇರಿದ್ದರೆ ನೀಲಿಯ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಂತೆ ಕುಳಿತಿರುತ್ತದೆ. ಆ ಗುಳ್ಳೆ ಎಂಜಿನ್ನಿಗೆ ಹೋದರೆ ಏನಾಗುತ್ತದೆಂದು ನನ್ನ ಗುರುಗಳು ವಿವರಿಸಲಿಲ್ಲ. ಲೋಟವನ್ನು ನನ್ನ ಕೈಗೆ ಕೊಟ್ಟು ಸುಮ್ಮನೆ ನಿಂತರು. ಇವತ್ತಿಗೂ ಆ ಲೋಟ ಹಿಡಿದಾಗ ನಾನು ಯಾರೊಂದಿಗೂ ಮಾತನಾಡುವುದಿಲ್ಲ.

ಗಾಳಿಯ ಪಾಠಕ್ಕೆ ನೀವು ದೂರ ಹೋಗಬೇಕಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಗಾಳಿ ಬರುವ ಕಡೆಗೇ ಮುಖ ಮಾಡಿ ನಿಲ್ಲುವುದನ್ನು ನೋಡಿದ್ದೀರಿ. ವಿಮಾನವೂ ಗಾಳಿಗೆ ಎದುರಾಗಿಯೇ ಏರುತ್ತದೆ. ಎದುರುಗಾಳಿ ಹತ್ತು ನಾಟ್, ಅಂದರೆ ಗಂಟೆಗೆ ಸುಮಾರು ಹದಿನೆಂಟು ಕಿಲೋಮೀಟರ್ ಇದ್ದರೆ, ನಿಂತಲ್ಲೇ ರೆಕ್ಕೆಗೆ ಹತ್ತು ನಾಟ್ ವೇಗ ಸಿಕ್ಕಂತೆ. ಏಪ್ರಿಲ್ ಮಧ್ಯಾಹ್ನ ನಮ್ಮ ಬಯಲುಸೀಮೆಯ ನೆಲ ಕಾದಾಗ ಗಾಳಿ ತೆಳುವಾಗಿ, ಬೆಳಿಗ್ಗೆ ಸಲೀಸಾಗಿ ಎದ್ದ ವಿಮಾನ ಅದೇ ರನ್‌ವೇಯಲ್ಲಿ ಇನ್ನಷ್ಟು ದೂರ ಓಡುತ್ತದೆ.

ಚಳ್ಳಕೆರೆಯ ವಿಷಯವನ್ನೂ ಕೆಲವರು ಕೇಳಿದ್ದೀರಿ. 2023ರ ಏಪ್ರಿಲ್ 2ರಂದು ಅಲ್ಲಿನ ಪರೀಕ್ಷಾ ಕೇಂದ್ರದಲ್ಲಿ, ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟ ಇಸ್ರೋದ ರೆಕ್ಕೆಯ ವಾಹನ ತಾನಾಗಿ ಬಂದು ರನ್‌ವೇ ಮೇಲೆ ಇಳಿಯಿತು. ಇನ್ನು ಪೈಲಟ್ ಯಾಕೆ ಬೇಕು ಎಂಬ ಪ್ರಶ್ನೆ ಸಹಜ. ಇಂದಿಗೂ ದೊಡ್ಡ ಪ್ರಯಾಣಿಕ ವಿಮಾನದಲ್ಲಿ ಇಬ್ಬರು ಪೈಲಟ್‌ಗಳು ಕೂರಲೇಬೇಕು.

ಕನ್ನಡ ಮಾಧ್ಯಮದ ಮಕ್ಕಳ ಮುಖದಲ್ಲಿ ನಾನು ಕಾಣುವ ದೊಡ್ಡ ಭಯ ಇಂಗ್ಲಿಷಿನದು. ನಾನೂ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವನು. ರೇಡಿಯೋದಲ್ಲಿ ಬೇಕಾಗುವುದು ಗೊತ್ತುಪಡಿಸಿದ ಪದಗಳ ಮಿತವಾದ ಇಂಗ್ಲಿಷ್, ಜೊತೆಗೆ ಅಚಾನಕ್ ಏನಾದರೂ ಆದಾಗ ವಿವರಿಸಿ ಹೇಳುವಷ್ಟು ಹಿಡಿತ. ಉಚ್ಚಾರದ ಬೆಡಗನ್ನು ಯಾರೂ ಕೇಳುವುದಿಲ್ಲ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ, ಮಂಜು ಕವಿದ ರನ್‌ವೇ ಮೇಲೆ ಎರಡು ಬೋಯಿಂಗ್ 747 ಡಿಕ್ಕಿ ಹೊಡೆದು 583 ಜನ ಸತ್ತರು. ಒಬ್ಬ ಪೈಲಟ್ ಅನುಮತಿ ಸಿಗದೆಯೇ ಏರಲು ಹೊರಟಿದ್ದರು. ಅವರಿಗೂ, ರೇಡಿಯೋದಲ್ಲಿ ಅನುಮತಿ ಕೊಡುವ ನಿಯಂತ್ರಣ ಟವರಿನವರಿಗೂ ಇಂಗ್ಲಿಷ್ ಬರುತ್ತಿತ್ತು. ಆಡಿದ ಮಾತು ಮಾತ್ರ ಎರಡು ಅರ್ಥ ಕೊಡುವಂತಿತ್ತು. ಆಮೇಲೆ ನಿಯಮ ಬಿಗಿಯಾಯಿತು: ಏರಲು ಅನುಮತಿ ಕೊಡುವಾಗ ಅಥವಾ ಅದನ್ನು ಹಿಂತೆಗೆದುಕೊಳ್ಳುವಾಗ ಬಿಟ್ಟು 'ಟೇಕಾಫ್' ಎಂಬ ಪದವನ್ನು ಟವರು ಬಳಸುವಂತಿಲ್ಲ. ಕೇಳಿದ ಅನುಮತಿಯನ್ನು ಪೈಲಟ್ ತಿರುಗಿ ಒಪ್ಪಿಸಬೇಕು. ಮಗ್ಗಿ ಒಪ್ಪಿಸಿ ಬೆಳೆದ ಮಕ್ಕಳಿಗೆ ಇದು ಕಷ್ಟದ ವಿದ್ಯೆಯಲ್ಲ. ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿ.

ಆ ತಂದೆಯ ಪಕ್ಕದಲ್ಲಿದ್ದ ಹುಡುಗಿ ಕನ್ನಡಕ ಸರಿಪಡಿಸಿಕೊಳ್ಳುತ್ತ, "ಇದು ಅಡ್ಡಿಯಾಗುತ್ತದೆಯೇ ಸರ್?" ಎಂದು ಮೆಲ್ಲಗೆ ಕೇಳಿದಳು. ಕನ್ನಡಕದಿಂದ ದೃಷ್ಟಿ ಸರಿಹೋಗುವುದಾದರೆ ಅದೊಂದೇ ಅಡ್ಡಿಯಲ್ಲ ತಾಯಿ. ಬಣ್ಣಗಳನ್ನು ಗುರುತಿಸುವ ಪರೀಕ್ಷೆ ಮುಖ್ಯ. ಮೊದಲು ಡಿಜಿಸಿಎ ಮಾನ್ಯ ವೈದ್ಯರಲ್ಲಿ ಎರಡನೆಯ ದರ್ಜೆಯ ವೈದ್ಯಕೀಯ ಪರೀಕ್ಷೆ ಮಾಡಿಸು. ಆಮೇಲೆ ಒಂದನೆಯ ದರ್ಜೆಯದು. ಅದನ್ನು ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿಯೂ ಮಾಡುತ್ತಾರೆ. ಆ ಎರಡೂ ಕಾಗದ ಕೈಗೆ ಬರುವವರೆಗೆ ನಿಮ್ಮ ತಂದೆ ಯಾರಿಗೂ ಮುಂಗಡ ಕೊಡುವುದು ಬೇಡ. ಬಂದ ಮೇಲೆ ನನಗೆ ಫೋನ್ ಮಾಡಿ. ಏರ್‌ಫೀಲ್ಡಿಗೆ ನಾನೂ ನಿಮ್ಮ ಜೊತೆ ಬರುತ್ತೇನೆ.