ತಾಯ್ನುಡಿಯ ಮೇಲಿನ ದೂರು

ಎಲ್ಲರಿಗೂ ನಮಸ್ಕಾರ. ಎರಡನೆಯ ಭಾಷೆ ಕಲಿಯುವವರ ತಪ್ಪುಗಳನ್ನೆಲ್ಲ ತಾಯ್ನುಡಿಯ ತಲೆಗೆ ಕಟ್ಟುವುದು ಹಳೆಯ ರೂಢಿ. ಆ ದೂರಿನಲ್ಲಿ ನಿಜವೆಷ್ಟು, ಆತುರವೆಷ್ಟು ಎಂದು ನೋಡೋಣ.

ಮೊದಲು ಕಿವಿಯ ವಿಷಯ. ಕನ್ನಡದಲ್ಲಿರುವಂತೆ ಹಿಂದಿಯಲ್ಲಿಯೂ ತಕಾರ ಬೇರೆ, ಟಕಾರ ಬೇರೆ. ಇಂಗ್ಲಿಷಿನಲ್ಲಿ ಈ ಭೇದವಿಲ್ಲ. ಮನೋವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಮಾತಿನ ಆರೇಳು ತಿಂಗಳ ಕೂಸುಗಳು ಹಿಂದಿಯ ಈ ಎರಡು ಧ್ವನಿಗಳನ್ನು ಬೇರೆಬೇರೆಯಾಗಿ ಗುರುತಿಸಿದವು; ವರ್ಷ ತುಂಬುವ ಹೊತ್ತಿನ ಮಕ್ಕಳಲ್ಲಿ ಆ ಶಕ್ತಿ ಬಹಳ ಕುಗ್ಗಿತ್ತು. ಮಗುವಿಗೆ ಇನ್ನೂ ಮಾತೇ ಬಂದಿರುವುದಿಲ್ಲ, ಅಷ್ಟರಲ್ಲಾಗಲೇ ತಾಯ್ನುಡಿ ಅದರ ಕಿವಿಯನ್ನು ಪಳಗಿಸಿಬಿಟ್ಟಿರುತ್ತದೆ. ಇಂಗ್ಲಿಷಿನ ವಿ ಮತ್ತು ಡಬ್ಲ್ಯು ನಮ್ಮ ಒಂದೇ ವಕಾರದಲ್ಲಿ ಸೇರಿಹೋಗುವುದೂ ಇದೇ ಬಗೆಯದು. ನಾಲಗೆ ಹೊರಳುವುದಿಲ್ಲವೆಂದು ಬೈಸಿಕೊಳ್ಳುವ ಎಷ್ಟೋ ಮಂದಿಯ ತೊಡಕು ಇರುವುದು ಕಿವಿಯಲ್ಲಿ.

ವ್ಯಾಕರಣಕ್ಕೆ ಬರೋಣ. ಹಿಂದಿ ಕಲಿಯುವ ಕನ್ನಡದ ಹುಡುಗನೊಬ್ಬ ‘ಮೈನೇ ಕಿತಾಬ್ ಪಢೀ’ (ನಾನು ಪುಸ್ತಕ ಓದಿದೆ) ಎನ್ನುವ ಬದಲು ‘ಪಢಾ’ ಎನ್ನುತ್ತಾನೆ. ಇದನ್ನು ಅಜಾಗರೂಕತೆ ಎನ್ನಲು ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕರ್ತೃವಿಗೆ ಹೊಂದಿಕೊಳ್ಳುತ್ತದೆ, ಹಿಂದಿಯ ಈ ವಾಕ್ಯದಲ್ಲಿ ಕರ್ಮಕ್ಕೆ. ಸಾಲದ್ದಕ್ಕೆ, ನಮಗೆ ನಪುಂಸಕವಾದ ಪುಸ್ತಕ ಅಲ್ಲಿ ಸ್ತ್ರೀಲಿಂಗ. ಹುಡುಗ ನಿಯಮವನ್ನು ಪಾಲಿಸಿಯೇ ಇದ್ದಾನೆ, ಆದರೆ ಅದು ಕನ್ನಡದ ನಿಯಮ.

ಎರಡೂ ಭಾಷೆಗಳನ್ನು ಹೋಲಿಸಿದರೆ ಕಲಿಕೆಯ ತೊಡಕುಗಳನ್ನು ಮೊದಲೇ ಊಹಿಸಬಹುದೆಂದು 1957ರಲ್ಲಿ ಭಾಷಾವಿಜ್ಞಾನಿ ರಾಬರ್ಟ್ ಲಾಡೊ ವಾದಿಸಿದ್ದರು. ವಾದ ಆಕರ್ಷಕವಾಗಿತ್ತು, ಪೂರ್ತಿ ನಿಲ್ಲಲಿಲ್ಲ. ‘ವೆಂಟ್’ ಎನ್ನಬೇಕಾದಲ್ಲಿ ‘ಗೋ’ಗೆ ಭೂತಕಾಲದ ಪ್ರತ್ಯಯ ಅಂಟಿಸುವ ತಪ್ಪನ್ನು ಇಂಗ್ಲಿಷ್ ಮನೆಮಾತಿನ ಮಕ್ಕಳೂ ಮಾಡುತ್ತಾರೆ. ಅದಕ್ಕೆ ಯಾರ ತಾಯ್ನುಡಿಯನ್ನು ದೂರೋಣ? ಇನ್ನು ಕನ್ನಡಿಗರು ತೆಲುಗನ್ನು ಬೇಗ ಕಲಿತಾಗ, ವಾಕ್ಯದ ಪದಕ್ರಮವನ್ನು ಹೊಸದಾಗಿ ಕಲಿಯಬೇಕಿರಲಿಲ್ಲ ಎಂಬುದು ಯಾರಿಗೂ ನೆನಪಾಗುವುದಿಲ್ಲ. ಹೊಗಳಿಕೆಯೆಲ್ಲ ಕಲಿತವರ ಜಾಣತನಕ್ಕೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ತಪ್ಪೇ ಇಲ್ಲದ ಕಡೆ ಕಾಣುವ ಪ್ರಭಾವ. ಭಾಷಾವಿಜ್ಞಾನಿ ಜಾಕ್ವೆಲಿನ್ ಶಾಕ್ಟರ್ 1974ರಲ್ಲಿ ಒಂದು ಸೋಜಿಗವನ್ನು ಎತ್ತಿ ತೋರಿಸಿದರು. ಇಂಗ್ಲಿಷ್ ಕಲಿಯುತ್ತಿದ್ದವರ ಬರಹದಲ್ಲಿ, ನಾಮಪದವನ್ನು ವಿಶೇಷಿಸುವ ಉಪವಾಕ್ಯಗಳ ವಿಷಯಕ್ಕೆ ಬಂದರೆ, ಪರ್ಷಿಯನ್ ಮತ್ತು ಅರಬ್ಬಿ ಭಾಷಿಕರಿಗಿಂತ ಚೀನಿ ಮತ್ತು ಜಪಾನಿ ಭಾಷಿಕರು ಮಾಡಿದ ತಪ್ಪು ಕಡಿಮೆ. ಕಾರಣ ಸರಳ: ಅವರು ಅಂಥ ವಾಕ್ಯಗಳನ್ನು ಬರೆಯುವ ಗೋಜಿಗೇ ಅಷ್ಟಾಗಿ ಹೋಗಿರಲಿಲ್ಲ. ಇಂಗ್ಲಿಷಿನಲ್ಲಿ ಈ ಉಪವಾಕ್ಯ ನಾಮಪದದ ನಂತರ ಬರುತ್ತದೆ. ಅರಬ್ಬಿ, ಪರ್ಷಿಯನ್‌ಗಳಲ್ಲೂ ಹಾಗೆಯೇ. ಚೀನಿ, ಜಪಾನಿಗಳಲ್ಲಿ ಮುಂಚೆ. ನಮ್ಮದೂ ಅದೇ ದಾರಿ: ‘ನಿನ್ನೆ ಬಂದ ಹುಡುಗ’.

ಆದ್ದರಿಂದ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ಕೆಂಪು ಗೆರೆಯೇ ಬೀಳದ ಉತ್ತರಪತ್ರಿಕೆ ಸಿಕ್ಕರೆ ಅದರಲ್ಲಿ ಏನೇನಿಲ್ಲ ಎಂದೂ ನೋಡಿ. ಪುಟ್ಟ ಪುಟ್ಟ ವಾಕ್ಯಗಳೇ ತುಂಬಿದ್ದರೆ ‘ನಿನ್ನೆ ಬಂದ ಹುಡುಗ ನನ್ನ ತಮ್ಮ’ ಎಂಬುದನ್ನು ಒಂದೇ ಇಂಗ್ಲಿಷ್ ವಾಕ್ಯದಲ್ಲಿ ಬರೆಯಿಸಿ. ಆಗ ಬೀಳುವ ತಪ್ಪಿಗೆ ಅಂಕ ಕಳೆಯಬೇಡಿ. ಪಾಠ ಶುರುವಾಗಬೇಕಾದದ್ದು ಅಲ್ಲಿಂದಲೇ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.