ಮುಸ್ಸಂಜೆಯ ಎಣಿಕೆ

ಶ್ರೋತೃಗಳಿಗೆ ನಮಸ್ಕಾರ.

ಕೋಳಿ ಸಾಕಿದವರ ದಿನ ಮುಗಿಯುವುದು ಎಣಿಕೆಯಿಂದ. ಬೆಳಕು ಇಳಿಯುವ ಹೊತ್ತಿಗೆ ಗೂಡಿನ ಬಾಗಿಲ ಪಕ್ಕ ನಿಂತರೆ ಸಾಕು, ಕರೆಯಬೇಕಾಗಿಲ್ಲ. ಮಬ್ಬುಗತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಹೊತ್ತಿರುವಾಗಲೇ ಅವು ಗೂಡು ಸೇರುತ್ತವೆ. ಮೊದಲು ಹಿರಿಯವಳು, ಅವಳ ಬೆನ್ನಿಗೆ ಇನ್ನಿಬ್ಬರು, ಎಲ್ಲರಿಗಿಂತ ಕೊನೆಗೆ, ಇನ್ನೊಂದು ಹುಳು ಸಿಕ್ಕೀತೇನೋ ಎಂದು ಹಿಂತಿರುಗಿ ನೋಡುತ್ತಾ ಬರುವವಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಆರು ಎಂದ ಮೇಲೆ ಚಿಲಕ ಹಾಕುತ್ತೇನೆ. ಲೆಕ್ಕ ಸರಿಹೋದ ಸಂಜೆಯ ನೆಮ್ಮದಿಯೇ ಬೇರೆ. ಐದಕ್ಕೆ ನಿಂತುಹೋದ ಸಂಜೆಯ ಸಂಕಟವೂ ಬೇರೆಯೇ. ಈ ಎರಡರ ನಡುವೆ ನಾನು ಕಳೆದ ವರ್ಷಗಳ ಬಗ್ಗೆ ನಿಮ್ಮೊಂದಿಗೆ ಮಾತನಾಡಬೇಕೆಂದಿದ್ದೇನೆ.

ಕೋಳಿಯನ್ನು ‘ಅವಳು’ ಎಂದದ್ದನ್ನು ನೀವು ಗಮನಿಸಿರಬಹುದು. ವ್ಯಾಕರಣದ ಪ್ರಕಾರ ‘ಅದು’ ಎನ್ನಬೇಕು. ಆದರೆ ಹೆಸರಿಟ್ಟ ಮೇಲೆ ‘ಅದು’ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ.

ನನ್ನ ಮೊದಲ ಸಂತೋಷದಿಂದಲೇ ಆರಂಭಿಸುತ್ತೇನೆ. ಬೂದಿ ಎಂಬ ಹೇಂಟೆ ಕಾವಿಗೆ ಕೂತದ್ದು ಅದು. ಅಷ್ಟು ದಿನ ಅಂಗಳವೆಲ್ಲ ತನ್ನದೆಂಬಂತೆ ಓಡಾಡುತ್ತಿದ್ದವಳು ಇದ್ದಕ್ಕಿದ್ದಂತೆ ಬುಟ್ಟಿ ಬಿಟ್ಟು ಏಳಲೊಲ್ಲಳು. ಹತ್ತಿರ ಹೋದರೆ ಮೈಯುಬ್ಬಿಸಿ ಗುರುಗುಟ್ಟುತ್ತಿದ್ದಳು. ಎದೆಯ ಪುಕ್ಕ ಉದುರಿ ಬರಿಯ ಚರ್ಮ ಮೊಟ್ಟೆಗೆ ತಾಗುವಂತಾಗಿತ್ತು. ಇಪ್ಪತ್ತೊಂದು ದಿನದ ತಪಸ್ಸು ಅದು. ದಿನಕ್ಕೊಮ್ಮೆ ಎದ್ದು, ಗಬಗಬನೆ ತಿಂದು, ನೀರು ಕುಡಿದು, ಮತ್ತೆ ಬುಟ್ಟಿಗೆ. ಕೊಕ್ಕಿನಿಂದ ಮೊಟ್ಟೆಗಳನ್ನು ದಿನಕ್ಕೆ ಎಷ್ಟೋ ಸಲ ಹೊರಳಿಸುತ್ತಾಳೆ. ಹೊರಳಿಸದಿದ್ದರೆ ಒಳಗಿನ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಂಡುಬಿಡುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಇಪ್ಪತ್ತನೆಯ ದಿನ ಬುಟ್ಟಿಯ ಬಳಿ ಕಿವಿಯಿಟ್ಟಾಗ ಕೇಳಿಸಿದ್ದನ್ನು ನಾನು ಮರೆಯಲಾರೆ. ಒಡೆಯದ ಮೊಟ್ಟೆಯೊಳಗಿಂದ ಚಿಂವ್ ಎಂಬ ಸಣ್ಣ ದನಿ. ಅದಕ್ಕೆ ಬೂದಿ ಗಂಟಲಿನಲ್ಲೇ ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟಳು. ತಾಯಿಯ ಮುಖ ಕಾಣುವ ಮೊದಲೇ ಮರಿಗೆ ತಾಯಿಯ ಸ್ವರ ಪರಿಚಯವಾಗಿರುತ್ತದೆ.

ಮೊದಲ ನೋವೂ ಅದೇ ಬುಟ್ಟಿಯಲ್ಲಿ ಕಾದಿತ್ತು. ಮರಿಯ ಕೊಕ್ಕಿನ ತುದಿಯಲ್ಲಿ ಒಂದು ಚೂಪಾದ ಪುಟ್ಟ ಗಂಟು ಇರುತ್ತದೆ. ಚಿಪ್ಪು ಒಡೆಯುವುದಕ್ಕೆಂದೇ ಬಂದು, ಕೆಲವು ದಿನಗಳಲ್ಲಿ ಉದುರಿಹೋಗುವ ಗಂಟು ಅದು. ಅದರಿಂದ ಒಂದು ತೂತು ಮಾಡಿಕೊಂಡ ಮರಿ ಗಂಟೆಗಟ್ಟಲೆ ಸುಮ್ಮನಿರುತ್ತದೆ. ನಮ್ಮ ಕಣ್ಣಿಗೆ ಅದು ಸೋತುಹೋದಂತೆ ಕಾಣುತ್ತದೆ. ನಾನು ಕರಗಿಹೋದೆ, ಬೆರಳಿನಿಂದ ಚಿಪ್ಪು ಬಿಡಿಸಿದೆ. ಒಳಪೊರೆಯಲ್ಲಿ ರಕ್ತ ಕಾಣಿಸಿತು. ಆ ಮರಿ ಸಂಜೆಯವರೆಗೂ ಬದುಕಲಿಲ್ಲ. ಸುಮ್ಮನಿರುವ ಆ ಹೊತ್ತಿನಲ್ಲಿ ಮರಿ ಪೊರೆಯ ರಕ್ತನಾಳಗಳಿಂದ ರಕ್ತವನ್ನು ತನ್ನ ಮೈಗೆ ಎಳೆದುಕೊಳ್ಳುತ್ತಿರುತ್ತದೆ, ಉಳಿದ ಹಳದಿ ಲೋಳೆಯನ್ನು ಹೊಟ್ಟೆಯೊಳಗೆ ಸೇರಿಸಿಕೊಳ್ಳುತ್ತಿರುತ್ತದೆ. ಆ ಲೋಳೆಯ ಬಲದಿಂದಲೇ ಹೊರಬಂದ ಮರಿ ಎರಡು ದಿನ ಏನನ್ನೂ ತಿನ್ನದೆ ಇರಬಲ್ಲದು. ಮೊದಲು ಹುಟ್ಟಿದ ಮರಿಗಳು ತಡವಾದ ತಮ್ಮಂದಿರಿಗಾಗಿ ತಾಯಿಯ ರೆಕ್ಕೆಯಡಿ ಕಾಯಲು ಸಾಧ್ಯವಾಗುವುದು ಹೀಗೆ. ನಾನು ಸಹಾಯವೆಂದುಕೊಂಡು ಮಾಡಿದ್ದು ಒಂದು ಜೀವದ ಕೆಲಸವನ್ನು ಅರ್ಧಕ್ಕೆ ಕಡಿದುಹಾಕಿತ್ತು. ಬೂದಿ ಮಾತ್ರ ಉಳಿದ ಏಳು ಮರಿಗಳನ್ನು ಅಡಗಿಸಿಕೊಂಡು ತಣ್ಣಗೆ ಕೂತಿದ್ದಳು.

ಆ ಏಳು ಮರಿಗಳು ಬೆಳೆಯುವುದನ್ನು ನೋಡುತ್ತಾ ನನ್ನ ಎಷ್ಟೋ ಬೆಳಗುಗಳು ಕಳೆದವು. ತಾಯಿ ನೆಲ ಕೆದರಿ, ಒಂದು ಕಾಳನ್ನು ಎತ್ತಿ ಬೀಳಿಸಿ, ಮತ್ತೆ ಎತ್ತಿ ಬೀಳಿಸಿ, ಟುಕ್ ಟುಕ್ ಎಂದು ಕರೆಯುತ್ತಾಳೆ. ಮರಿಗಳು ಅವಳ ಕೊಕ್ಕನ್ನೇ ನೋಡಿ ತಿನ್ನುವುದನ್ನು ಕಲಿಯುತ್ತವೆ. ಮಳೆಯ ಹನಿ ಬಿದ್ದರೆ ಏಳೂ ಮಾಯ. ತಾಯಿಯ ಹೊಟ್ಟೆಯಡಿಯಿಂದ ಒಂದೊಂದೇ ತಲೆ ಇಣುಕುತ್ತದೆ.

ಕೋಳಿಗಳಿಗೆ ಬುದ್ಧಿಯಿಲ್ಲ, ಎಲ್ಲವೂ ಒಂದೇ ಎಂದು ಹೇಳುವವರು ಅವುಗಳ ಜೊತೆ ಒಂದು ವಾರವನ್ನೂ ಕಳೆದಿರುವುದಿಲ್ಲ. ನಮ್ಮ ಆರು ಹೇಂಟೆಗಳಲ್ಲಿ ಯಾರು ಮೊದಲು ತಿನ್ನಬೇಕು, ಯಾರು ದಾರಿ ಬಿಡಬೇಕು, ರಾತ್ರಿ ಯಾರು ಯಾವ ಜಾಗದಲ್ಲಿ ಮಲಗಬೇಕು ಎನ್ನುವುದೆಲ್ಲ ತೀರ್ಮಾನವಾಗಿರುತ್ತಿತ್ತು. ನಾರ್ವೆಯ ಥೋರ್ಲೀಫ್ ಶೆಲ್ಡರಪ್ ಎಬ್ಬೆ ಎಂಬಾತ ಬಾಲ್ಯದಿಂದಲೇ ಕೋಳಿಗಳ ಬೆನ್ನುಬಿದ್ದು, ಯಾರು ಯಾರನ್ನು ಕುಕ್ಕುತ್ತಾರೆ ಎಂಬುದನ್ನು ಬರೆದಿಡುತ್ತಿದ್ದ. 1920ರ ದಶಕದ ಆರಂಭದಲ್ಲಿ ಆತ ಅದನ್ನು ವಿಜ್ಞಾನದ ಮಾತಿನಲ್ಲಿ ಹೇಳಿದ. ಪ್ರಾಣಿಗಳಲ್ಲಿ ಮೇಲುಕೀಳಿನ ಸರದಿಯ ಅಧ್ಯಯನಕ್ಕೆ ನಾಂದಿಯಾದದ್ದು ಒಬ್ಬ ಹುಡುಗನ ಮನೆಯ ಕೋಳಿಗಳು ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಆದರೆ ಈ ಸರದಿಗೆ ಕ್ರೂರವಾದ ಮುಖವೂ ಇದೆ. ಹೊಸ ಕೋಳಿಯೊಂದನ್ನು ತಂದು ನೇರವಾಗಿ ಗುಂಪಿಗೆ ಬಿಟ್ಟರೆ ಹಳಬರು ರಕ್ತ ಬರುವಂತೆ ಕುಕ್ಕಬಹುದು. ಹೊಸಬಳನ್ನು ಮೊದಲ ಕೆಲವು ವಾರ ಬೇರೆಯೇ ಇಟ್ಟು ಕಾಯಿಲೆಯಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ನಡುವೆ ಜಾಲರಿ ಹಾಕಿ, ಪರಸ್ಪರ ನೋಡಿ ಅಭ್ಯಾಸವಾಗಲು ಬಿಡಬೇಕು.

ಮಣ್ಣಿನ ಸ್ನಾನವನ್ನು ಮೊದಲ ಸಲ ನೋಡಿದಾಗ ನಾನು ಕಿರುಚಿಕೊಂಡು ಓಡಿದ್ದೆ. ಚುಕ್ಕಿ ಎಂಬ ಹೇಂಟೆ ಒಂದು ಗುಂಡಿಯಲ್ಲಿ ಕಾಲು ಚಾಚಿ, ಕತ್ತು ವಾಲಿಸಿ, ರೆಕ್ಕೆ ಹರಡಿ ಒದ್ದಾಡುತ್ತಿದ್ದಳು. ಜೀವ ಹೋಗುತ್ತಿದೆ ಎಂದೇ ತಿಳಿದೆ. ಅವಳು ಕಣ್ಣು ಅರೆತೆರೆದು ನನ್ನನ್ನು ನೋಡಿ ಇನ್ನಷ್ಟು ಮಣ್ಣು ಬೆನ್ನಿಗೆ ಎರಚಿಕೊಂಡಳು. ಒಣ ಮಣ್ಣು ಪುಕ್ಕಗಳ ನಡುವೆ ಇಳಿದು ಹೆಚ್ಚಿನ ಎಣ್ಣೆಯಂಶವನ್ನು ಹೀರುತ್ತದೆ, ಹೇನುಗಳನ್ನು ದೂರವಿಡುತ್ತದೆ. ಮುಗಿದ ಮೇಲೆ ಎದ್ದು ಒಂದು ಸಲ ಮೈ ಕೊಡವಿದರೆ ಸುತ್ತಲೂ ಧೂಳಿನ ಮೋಡ. ಬಿಸಿಲಿಗೆ ಮೈಯೊಡ್ಡಿ, ಧೂಳಿನಲ್ಲಿ ಮುಳುಗಿ ಮಲಗಿದ ಕೋಳಿಯಷ್ಟು ತೃಪ್ತವಾದ ಜೀವವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ಹುಂಜನ ಮಾತು. ಬೂದಿಯ ಮರಿಗಳಲ್ಲಿ ಒಂದು ಕೆಂಚ. ಮರಿಯಾಗಿದ್ದಾಗ ಗಂಡು ಹೆಣ್ಣು ಹೇಳುವುದು ನಮ್ಮಂಥವರಿಗೆ ಸುಲಭವಲ್ಲ. ಒಂದು ಬೆಳಗ್ಗೆ ಒಡಕು ದನಿಯ ಕೂಗು ಕೇಳಿದಾಗಲೇ ವಿಷಯ ತಿಳಿಯುವುದು. ತನ್ನ ಕೋಳಿ ಕೂಗಿದರೆ ಮಾತ್ರ ಬೆಳಗಾಗುತ್ತದೆ ಎಂದು ನಂಬಿದ್ದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಆದರೆ ಕೋಳಿ ಬೆಳಕಿಗಾಗಿ ಕಾಯುವುದೂ ಇಲ್ಲ. ಸದಾ ಒಂದೇ ಮಂದ ಬೆಳಕಿನಲ್ಲಿಟ್ಟ ಹುಂಜಗಳೂ ತಮ್ಮ ಮೈಯೊಳಗಿನ ಗಡಿಯಾರಕ್ಕೆ ಅನುಗುಣವಾಗಿ ಕೂಗುತ್ತವೆ ಎಂದು ಜಪಾನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಹಲವು ಹುಂಜಗಳಿದ್ದರೆ ಮೊದಲ ಕೂಗು ಮೇಲುಕೀಳಿನ ಸರದಿಯಲ್ಲಿ ಎಲ್ಲರಿಗಿಂತ ಮೇಲಿರುವವನದು, ಉಳಿದವು ಅದೇ ಸರದಿಯಂತೆ ಹಿಂಬಾಲಿಸುತ್ತವೆ ಎಂಬುದನ್ನೂ ಅವರೇ ಕಂಡುಕೊಂಡರು.

ಕೆಂಚ ಆಕಾಶದಲ್ಲಿ ಹದ್ದು ಕಂಡರೆ ಒಂದು ಬಗೆಯಲ್ಲಿ ಕೂಗುತ್ತಿದ್ದ, ನೆಲದ ಮೇಲೆ ನಾಯಿ ಬಂದರೆ ಇನ್ನೊಂದು ಬಗೆಯಲ್ಲಿ. ಮೊದಲನೆಯದಕ್ಕೆ ಹೇಂಟೆಗಳು ಪೊದೆಯಡಿ ನುಸುಳಿ ಕಲ್ಲಾಗುತ್ತಿದ್ದವು, ಎರಡನೆಯದಕ್ಕೆ ಕತ್ತು ನೀಳಮಾಡಿ ನಿಲ್ಲುತ್ತಿದ್ದವು. ಒಳ್ಳೆಯ ಹುಳು ಸಿಕ್ಕರೆ ತಾನು ನುಂಗದೆ ಹೇಂಟೆಗಳನ್ನು ಕರೆಯುತ್ತಿದ್ದ. ಅಂಥವನನ್ನು ನಾನು ಉಳಿಸಿಕೊಳ್ಳಲಾಗಲಿಲ್ಲ. ನಸುಕಿನ ಕೂಗು ಪಕ್ಕದ ಮನೆಯವರ ನಿದ್ದೆ ಕೆಡಿಸುತ್ತಿತ್ತು, ಅವರ ದೂರಿನಲ್ಲಿ ತಪ್ಪಿರಲಿಲ್ಲ. ವಿಶಾಲವಾದ ತೋಟವಿದ್ದ ಪರಿಚಿತರೊಬ್ಬರು ಸಾಕುತ್ತೇವೆಂದು ಒಪ್ಪಿ ಕರೆದೊಯ್ದರು. ಬುಟ್ಟಿಯ ಸಂದಿಯಿಂದ ಕಾಣುತ್ತಿದ್ದ ಅವನ ಕೆಂಪು ಜುಟ್ಟು ಇಂದಿಗೂ ಕಣ್ಣಮುಂದಿದೆ. ಮೊಟ್ಟೆಯೊಡೆದು ಬರುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಆ ಅರ್ಧಕ್ಕೆ ಎಲ್ಲಿ ಜಾಗ ಎಂಬುದನ್ನು ಯೋಚಿಸದೆ ಯಾರೂ ಹೇಂಟೆಯನ್ನು ಕಾವಿಗೆ ಕೂರಿಸಬಾರದು. ಇದು ನನ್ನ ಖಚಿತವಾದ ಅಭಿಪ್ರಾಯ, ನಾನೇ ಎಡವಿ ಕಲಿತದ್ದು.

ಮೊಟ್ಟೆಯ ಬಗ್ಗೆ ಹೇಳದಿದ್ದರೆ ಹೇಗೆ? ಬುಟ್ಟಿಯೊಳಗೆ ಕೈ ಹಾಕಿ ಆಗತಾನೇ ಇಟ್ಟ ಬೆಚ್ಚಗಿನ ಮೊಟ್ಟೆಯನ್ನು ಅಂಗೈಯಲ್ಲಿ ಹಿಡಿದವರಿಗೆ ಆ ಸುಖ ಗೊತ್ತು. ಅದರ ಹಿಂದಿನ ದುಡಿಮೆ ನನಗೆ ತಡವಾಗಿ ತಿಳಿಯಿತು. ಒಂದು ಮೊಟ್ಟೆ ತಯಾರಾಗಲು ಒಂದು ದಿನಕ್ಕಿಂತ ತುಸು ಹೆಚ್ಚೇ ಬೇಕು. ಅದರಲ್ಲಿ ಸುಮಾರು ಇಪ್ಪತ್ತು ಗಂಟೆ ಬರಿಯ ಚಿಪ್ಪು ಕಟ್ಟುವುದಕ್ಕೆ. ಆ ಚಿಪ್ಪಿಗೆ ಸುಮಾರು ಎರಡು ಗ್ರಾಂ ಸುಣ್ಣದಂಶ ಬೇಕು. ಆಹಾರದಲ್ಲಿ ಸಾಲದಿದ್ದರೆ ಅವಳು ತನ್ನ ಮೂಳೆಯಿಂದ ತೆಗೆದು ಕೊಡುತ್ತಾಳೆ. ನಮ್ಮ ಕೋಳಿಗಳ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಇಡುವುದು ಹತ್ತು ಹದಿನೈದು ಮೊಟ್ಟೆ. ಮೊಟ್ಟೆಗಾಗಿಯೇ ಆರಿಸಿ ಬೆಳೆಸಿದ ಇಂದಿನ ತಳಿಗಳು ಮುನ್ನೂರರವರೆಗೆ ಇಡುತ್ತವೆ. ಹೆಚ್ಚಿಸಿದ್ದು ಮನುಷ್ಯ, ತೆರುವುದು ಅವಳ ದೇಹ. ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ, ಹಳದಿ ಲೋಳೆ ದಾರಿ ತಪ್ಪಿ ಹೊಟ್ಟೆಯೊಳಗೆ ಬಿದ್ದು ಕೊಳೆಯುತ್ತದೆ, ಅಂಡಾಶಯದಲ್ಲಿ ಕ್ಯಾನ್ಸರ್ ಹುಟ್ಟುತ್ತದೆ. ಮಹಿಳೆಯರ ಅಂಡಾಶಯದ ಕ್ಯಾನ್ಸರನ್ನು ಅರಿಯಲು ವಿಜ್ಞಾನಿಗಳು ಹೇಂಟೆಗಳನ್ನು ಅಧ್ಯಯನ ಮಾಡುವುದು ಅವುಗಳಲ್ಲಿ ಅದು ತಾನಾಗಿಯೇ ಅಷ್ಟು ಬರುತ್ತದೆ ಎಂಬ ಕಾರಣಕ್ಕೆ.

ಚುಕ್ಕಿಗೆ ಆದದ್ದು ಲೋಳೆ ದಾರಿ ತಪ್ಪಿದ ಕಾಯಿಲೆ. ಬೇರೆ ಪ್ರಾಣಿಗಳಿಗೆ ಬೇಟೆಯಾಗುವ ಜೀವಿ ತನ್ನ ನೋವನ್ನು ತೋರಿಸಿಕೊಳ್ಳುವುದಿಲ್ಲ. ಸೊರಗಿದವಳನ್ನು ಹದ್ದೂ ಬಿಡುವುದಿಲ್ಲ, ಗುಂಪಿನವರೂ ಬಿಡುವುದಿಲ್ಲ. ಅವಳು ಎಲ್ಲರೊಂದಿಗೆ ಕಾಳಿಗೆ ಓಡಿಬರುತ್ತಿದ್ದಳು, ನೆಲವನ್ನು ಕುಕ್ಕುತ್ತಲೂ ಇದ್ದಳು. ನುಂಗುತ್ತಿರಲಿಲ್ಲ. ಅದನ್ನು ನಾನು ಕಂಡುಹಿಡಿಯುವಷ್ಟರಲ್ಲಿ ಬಾಲ ಇಳಿದಿತ್ತು, ಜುಟ್ಟು ಬಿಳಿಚಿತ್ತು, ಎತ್ತಿಕೊಂಡರೆ ಎದೆಮೂಳೆ ಕೈಗೆ ಚೂಪಾಗಿ ತಾಗುತ್ತಿತ್ತು. ಪಶುವೈದ್ಯರು ಹೊಟ್ಟೆ ಮುಟ್ಟಿ ನೋಡಿ ನಿಧಾನವಾಗಿ ವಿವರಿಸಿದರು. ಔಷಧ ಕೊಟ್ಟೆವು, ಬೆಚ್ಚಗೆ ಇಟ್ಟೆವು. ಒಂಬತ್ತನೆಯ ದಿನ ಮಡಿಲಲ್ಲಿ ಟವಲ್ಲಿನೊಳಗೆ ಮಲಗಿದ್ದಾಗಲೇ ಉಸಿರು ನಿಂತಿತು. ಅವಳಿಗೆ ನಾಲ್ಕು ವರ್ಷ.

ಕೋಳಿ ಸತ್ತಿದ್ದಕ್ಕೆ ಇಷ್ಟು ಅಳುವುದೇ ಎಂದು ಕೆಲವರು ಕೇಳಿದರು. ಹೌದು, ಇಷ್ಟು ಅಳುವುದೇ. ಕೇಳುತ್ತಿರುವವರಲ್ಲಿ ಯಾರಾದರೂ ಹೀಗೆ ಅತ್ತಿದ್ದರೆ, ನೀವು ಒಬ್ಬರೇ ಅಲ್ಲ ಎಂದು ಹೇಳಲೆಂದೇ ನಾನು ಇಲ್ಲಿಗೆ ಬಂದಿದ್ದೇನೆ.

ಅಂದಿನಿಂದ ನಾನು ಬೆಳಗ್ಗೆ ಗೂಡು ತೆರೆದು ಐದು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಯಾರು ತಡವಾಗಿ ಇಳಿದರು, ಯಾರ ಹಿಕ್ಕೆಯ ಬಣ್ಣ ಬೇರೆಯಾಗಿದೆ, ಯಾರು ಬಿಸಿಲಲ್ಲಿ ಪುಕ್ಕ ಉಬ್ಬಿಸಿ ಕಣ್ಣು ಮುಚ್ಚಿದ್ದಾರೆ ಎಂದು ನೋಡುತ್ತೇನೆ. ಕತ್ತಿನ ಬುಡದಲ್ಲಿರುವ ಆಹಾರದ ಚೀಲ ರಾತ್ರಿ ತುಂಬಿರಬೇಕು, ಬೆಳಗ್ಗೆ ಖಾಲಿಯಾಗಿರಬೇಕು. ಬೆಳಗ್ಗೆಯೂ ಗಟ್ಟಿಯಾಗಿದ್ದರೆ ವೈದ್ಯರ ಬಳಿ ಹೋಗಬೇಕು. ಕೋಳಿಗಳಿಗೆ ವೈರಸ್ಸಿನಿಂದ ಬರುವ ಕೊಕ್ಕರೆ ರೋಗಕ್ಕೆ ಬಂದ ಮೇಲೆ ಮದ್ದಿಲ್ಲ, ಮೊದಲೇ ಲಸಿಕೆ ಹಾಕಿಸಬೇಕು. ಕೋಳಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು, ಮಕ್ಕಳಂತೂ ತಪ್ಪದೆ ತೊಳೆಯಬೇಕು. ಇನ್ನು ಗೂಡಿಗೆ ಕಟ್ಟುವ ತೆಳುವಾದ ಷಟ್ಕೋನದ ತಂತಿ ಬಲೆ ಕೋಳಿಯನ್ನು ಒಳಗೆ ಇರಿಸುತ್ತದೆಯೇ ಹೊರತು ನಾಯಿಯನ್ನು ಹೊರಗೆ ಇರಿಸುವುದಿಲ್ಲ. ಅರ್ಧ ಅಂಗುಲ ಕಿಂಡಿಯ ಗಟ್ಟಿ ಬೆಸುಗೆಯ ಜಾಲರಿಯೇ ಬೇಕು. ನೆಲದಡಿಯಿಂದ ತೋಡಿ ಬರುವವುಗಳಿಗಾಗಿ ಅದನ್ನು ಮಣ್ಣಿನೊಳಗೂ ಇಳಿಸಬೇಕು.

ಈಗ ಬೂದಿಗೆ ಎಂಟು ವರ್ಷ. ಮೊಟ್ಟೆ ಇಡುವುದನ್ನು ನಿಲ್ಲಿಸಿ ಬಹಳ ದಿನವಾಯಿತು. ಪ್ರತಿ ವರ್ಷ ಪುಕ್ಕ ಉದುರಿಸಿ, ಕೆಲವು ವಾರ ಬೋಳುಬೋಳಾಗಿ ತಿರುಗಿ, ಮತ್ತೆ ಹೊಸ ಪುಕ್ಕ ಹೊದ್ದು ಹೊಳೆಯುತ್ತಾಳೆ. ಮೊಟ್ಟೆ ಇಡದ ಕೋಳಿಯನ್ನು ಏಕೆ ಇಟ್ಟುಕೊಂಡಿದ್ದೀರಿ ಎಂಬ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಎರಡು ಮೂರು ವರ್ಷ ಕಳೆದರೆ ಮೊಟ್ಟೆ ಕಡಿಮೆಯಾಗುತ್ತದೆ, ಆದರೆ ಚೆನ್ನಾಗಿ ನೋಡಿಕೊಂಡ ಹೇಂಟೆ ಎಂಟು, ಹತ್ತು ವರ್ಷವೂ ಬದುಕಬಲ್ಲಳು. ಆ ಉಳಿದ ವರ್ಷಗಳನ್ನು ಕೊಡಲು ಸಿದ್ಧರಿಲ್ಲದವರು ಅವಳಿಗೆ ಹೆಸರಿಡಬಾರದು.

ಚುಕ್ಕಿ ಹೋದ ದಿನ ಸಂಜೆಯೂ ನಾನು ಗೂಡಿನ ಬಾಗಿಲಲ್ಲಿ ನಿಂತಿದ್ದೆ. ಒಂದು, ಎರಡು, ಮೂರು, ನಾಲ್ಕು, ಐದು. ಆರು ಎನ್ನಲು ಬಾಯಿ ತೆರೆದು ಹಾಗೆಯೇ ನಿಂತೆ. ಒಳಗೆ ಅವು ಮಲಗುವ ಕೋಲಿನ ಮೇಲೆ ಬೂದಿಯ ಪಕ್ಕದಲ್ಲಿ ಚುಕ್ಕಿಯ ಜಾಗ ಖಾಲಿಯಿತ್ತು. ಎಲ್ಲರಿಗಿಂತ ಕಿರಿಯವಳು, ಸದಾ ಕೋಲಿನ ತುದಿಯಲ್ಲಿ ಒಬ್ಬಳೇ ಮಲಗುವವಳು, ಬಹಳ ಹೊತ್ತು ಆ ಕಡೆ ನೋಡಿದಳು. ಆಮೇಲೆ ಒಂದೊಂದೇ ಹೆಜ್ಜೆ ಜರುಗುತ್ತಾ ಬಂದು ಬೂದಿಯ ಪಕ್ಕ ನಿಂತಳು. ಬೂದಿ ಕುಕ್ಕುತ್ತಾಳೆಂದುಕೊಂಡೆ. ಕುಕ್ಕಲಿಲ್ಲ. ಇಬ್ಬರೂ ಪುಕ್ಕ ಉಬ್ಬಿಸಿ ಒತ್ತಿಕೊಂಡು ಕೂತರು. ನಾನು ಚಿಲಕ ಹಾಕಿದೆ.

ನಮಸ್ಕಾರ.